ಅಪಾರ್ಟ್‌ಮೆಂಟ್‌ನಲ್ಲಿ ಮನೆಮನೆಗೆ ನೀರಿನ ಮೀಟರ್: ಒಪ್ಪಿದವರಿಂದ ಶುರು ಮಾಡುವ ಬಗೆ

ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲಿ ಕರೆಂಟ್ ಬಿಲ್ ಮನೆಮನೆಗೂ ಬೇರೆ. ನೀರಿನ ಬಿಲ್ ಮಾತ್ರ ಹೆಚ್ಚಿನ ಕಡೆ ಇಡೀ ಕಟ್ಟಡಕ್ಕೆ ಒಂದೇ. ಗೇಟಿನ ಹತ್ತಿರ ಜಲಮಂಡಳಿಯ ಒಂದು ಮೀಟರ್ ಇರುತ್ತದೆ. ಅದನ್ನು ದಾಟಿದ ಕಾವೇರಿ ನೀರು ಸಂಪ್‌ಗೆ ಬೀಳುತ್ತದೆ. ಬೋರ್ ನೀರು, ಟ್ಯಾಂಕರ್ ನೀರು ಎಲ್ಲಾ ಅಲ್ಲೇ ಬೆರೆಯುತ್ತದೆ. ಮೋಟಾರ್ ಹಾಕಿ ಮೇಲಿನ ಟ್ಯಾಂಕ್‌ಗೆ ಏರಿಸಿದ ಮೇಲೆ ಯಾರ ಮನೆಗೆ ಎಷ್ಟು ಇಳಿಯಿತು ಅಂತ ಯಾರಿಗೂ ಗೊತ್ತಿಲ್ಲ. ತಿಂಗಳ ಕೊನೆಗೆ ಒಟ್ಟು ಖರ್ಚನ್ನು ಚದರಡಿ ಲೆಕ್ಕದಲ್ಲೋ, ಮನೆಗಿಷ್ಟು ಅಂತಲೋ ಹಂಚಿ ಮೇಂಟೆನೆನ್ಸ್‌ಗೆ ಸೇರಿಸುತ್ತಾರೆ. ತಿಂಗಳಿಡೀ ಬೀಗ ಹಾಕಿದ್ದ ಮನೆಗೂ ಅಷ್ಟೇ, ಹಗಲೂ ರಾತ್ರಿ ಫ್ಲಶ್ ಸೋರುವ ಮನೆಗೂ ಅಷ್ಟೇ.

ಈ ನೀರು ಸುಲಭಕ್ಕೆ ಬಂದದ್ದಲ್ಲ. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪ್ ಮಾಡಿ ಕಾವೇರಿಯನ್ನು ಊರಿಗೆ ತರುತ್ತಾರೆ. 2024ರ ಬೇಸಿಗೆಯಲ್ಲಿ ಬೋರ್‌ಗಳು ಬತ್ತಿ, ಟ್ಯಾಂಕರ್‌ಗಾಗಿ ಜನ ಪರದಾಡಿದ್ದು ಎಲ್ಲರಿಗೂ ನೆನಪಿದೆ. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ ₹5,000 ದಂಡ ಅಂತ ಜಲಮಂಡಳಿ ಆಗ ಆದೇಶ ಹೊರಡಿಸಿತು. ಜಿಲ್ಲಾಡಳಿತ ಟ್ಯಾಂಕರ್ ದರಕ್ಕೆ ಮಿತಿ ಹಾಕಬೇಕಾಯಿತು. 12,000 ಲೀಟರ್ ಟ್ಯಾಂಕರ್‌ಗೆ 5 ಕಿಲೋಮೀಟರ್ ಒಳಗೆ ₹1,000, 10 ಕಿಲೋಮೀಟರ್‌ವರೆಗೆ ₹1,200. ಅದೇ ವರ್ಷ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಶುರುವಾಯಿತು, ದಿನಕ್ಕೆ 77.5 ಕೋಟಿ ಲೀಟರ್ ಸಾಮರ್ಥ್ಯದ್ದು. 2025ರ ಏಪ್ರಿಲ್‌ನಲ್ಲಿ ನೀರಿನ ದರವೂ ಏರಿತು. 2014ರ ನಂತರ ಅದೇ ಮೊದಲ ಏರಿಕೆ.

ಇಷ್ಟಾದ ಮೇಲೆ ಬಹಳಷ್ಟು ಅಸೋಸಿಯೇಷನ್‌ಗಳು ಮನೆಮನೆಗೆ ಮೀಟರ್ ಹಾಕುವ ಮಾತು ಎತ್ತಿವೆ. ಎಲ್ಲರಿಗೂ ಒಂದೇ ಸಲ ಕಡ್ಡಾಯ ಅಂದರೆ ಸಭೆಯಲ್ಲೇ ಜಗಳ ಶುರುವಾಗುತ್ತದೆ, ವಿಷಯ ಅಲ್ಲಿಗೇ ನಿಲ್ಲುತ್ತದೆ. ಅದಕ್ಕೇ ಒಪ್ಪಿದ ಮನೆಗಳಿಂದ ಶುರು ಮಾಡುವುದು ಒಳ್ಳೆಯ ದಾರಿ. ಆದರೆ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಮೀಟರ್ ಹಾಕಿಸಿದವರಿಗೆ ಬಿಲ್ ಮಾಡುವುದು ಸುಲಭದ ಕೆಲಸ. ಮೀಟರ್ ಹಾಕಿಸದವರಿಗೆ ಯಾವ ಲೆಕ್ಕದಲ್ಲಿ ಬಿಲ್ ಮಾಡುತ್ತೀರಿ ಅನ್ನುವುದೇ ಕಷ್ಟದ ಪ್ರಶ್ನೆ. ಅದನ್ನು ನ್ಯಾಯವಾಗಿ ಬರೆದುಕೊಳ್ಳದೆ ಹೊರಟರೆ ಅಕ್ಕಪಕ್ಕದ ಮನೆಯವರ ಮಾತೇ ನಿಂತುಹೋಗಬಹುದು.

ಮೊದಲು ಕಟ್ಟಡದ ಲೆಕ್ಕ, ಆಮೇಲೆ ಮನೆಯ ಲೆಕ್ಕ

ಮನೆಗಳ ಮೀಟರ್‌ಗೆ ಕೊಟೇಶನ್ ತರಿಸುವ ಮುಂಚೆ ಕಟ್ಟಡಕ್ಕೆ ಒಟ್ಟು ಎಷ್ಟು ನೀರು ಬರುತ್ತಿದೆ ಅಂತ ತಿಳಿಯಬೇಕು. ಕಾವೇರಿಗೆ ಮೀಟರ್ ಇದ್ದೇ ಇದೆ. ಅದನ್ನು ಮುಟ್ಟುವಂತಿಲ್ಲ, ಅದು ಮಂಡಳಿಯದ್ದು. ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ಸೆಕ್ಯುರಿಟಿಯವರ ಹತ್ತಿರ ಅದರ ರೀಡಿಂಗ್ ಬರೆಸಿ. ಬೋರ್ ಪೈಪಿಗೆ ಮೀಟರ್ ಇಲ್ಲದಿದ್ದರೆ ಹಾಕಿಸಿ. ಟ್ಯಾಂಕರ್‌ಗೆ ಲೋಡ್ ಲೆಕ್ಕ ಸಾಲದು. 12,000 ಲೀಟರ್ ಅಂತ ಬಂದದ್ದು ನಿಜವಾಗಿ ಎಷ್ಟಿತ್ತು ಅನ್ನುವುದು ಸಂಪ್‌ನ ಮಟ್ಟ ಅಳೆದರೆ ಗೊತ್ತಾಗುತ್ತದೆ. ಸಂಪ್‌ನ ಉದ್ದ ಅಗಲ ಗೊತ್ತಿದ್ದರೆ ಸಾಕು, ಒಂದು ಉದ್ದ ಕೋಲಿಗೆ ಸೆಂಟಿಮೀಟರ್ ಗುರುತು ಹಾಕಿ ಲೋಡ್ ಬೀಳುವ ಮುಂಚೆ ಒಮ್ಮೆ, ಬಿದ್ದ ಮೇಲೆ ಒಮ್ಮೆ ನೋಡಿ. ಆ ಹೊತ್ತಿಗೆ ಮೋಟಾರ್ ಆಫ್ ಇರಲಿ.

ಎಲ್ಲಕ್ಕಿಂತ ಮುಖ್ಯವಾದ ಮೀಟರ್ ಬೇರೆ ಜಾಗದಲ್ಲಿದೆ. ಸಂಪ್‌ನಿಂದ ಮೇಲಿನ ಟ್ಯಾಂಕ್‌ಗೆ ಏರುವ ಪೈಪಿನ ಮೇಲೆ ಒಂದು ದೊಡ್ಡ ಮೀಟರ್ ಬೇಕೇ ಬೇಕು. ಎಲ್ಲಾ ಮೂಲದ ನೀರೂ ಮೇಲೆ ಹೋಗುವುದು ಈ ದಾರಿಯಲ್ಲೇ. ಮುಂದೆ ಹೇಳುವ ಲೆಕ್ಕವೆಲ್ಲ ಇದರ ಮೇಲೇ ನಿಂತಿದೆ. ಟ್ಯಾಂಕ್ ಇಲ್ಲದೆ ಪ್ರೆಶರ್ ಪಂಪ್‌ನಿಂದ ನೇರ ಮನೆಗಳಿಗೆ ಕೊಡುವ ಹೊಸ ಕಟ್ಟಡವಾದರೆ ಪಂಪ್ ಆದಮೇಲಿನ ಪೈಪಿಗೆ ಹಾಕಿಸಿ.

ಈಗ ಸೋರಿಕೆಯ ಪರೀಕ್ಷೆ. ಇದಕ್ಕೆ ದುಡ್ಡು ಬೇಡ, ನಿದ್ದೆ ಬಿಡಬೇಕು ಅಷ್ಟೆ. ರಾತ್ರಿ 2 ಗಂಟೆಗೆ ಮೋಟಾರ್ ಆಫ್ ಮಾಡಿಸಿ ಮೇಲಿನ ಟ್ಯಾಂಕ್‌ನ ಮಟ್ಟ ಅಳೆಯಿರಿ. 4 ಗಂಟೆಗೆ ಮತ್ತೆ ಅಳೆಯಿರಿ. ಟ್ಯಾಂಕ್ 5 ಮೀಟರ್ ಉದ್ದ, 4 ಮೀಟರ್ ಅಗಲ ಇದ್ದರೆ ಒಂದು ಸೆಂಟಿಮೀಟರ್ ಇಳಿದರೆ 200 ಲೀಟರ್ ಹೋಯಿತು ಅಂತ. ಎರಡು ಗಂಟೆಯಲ್ಲಿ 5 ಸೆಂಟಿಮೀಟರ್ ಇಳಿದಿದ್ದರೆ 1,000 ಲೀಟರ್. ಅದೇ ವೇಗದಲ್ಲಿ ದಿನವಿಡೀ ಹೋದರೆ 12,000 ಲೀಟರ್, ಅಂದರೆ ದಿನಕ್ಕೆ ಸರಿಯಾಗಿ ಒಂದು ದೊಡ್ಡ ಟ್ಯಾಂಕರ್! ಅದರಲ್ಲಿ ಅರ್ಧ ಯಾರೋ ನಿಜವಾಗಿ ಬಳಸಿದ್ದು ಅಂದುಕೊಂಡರೂ ಉಳಿದರ್ಧ ಸಣ್ಣದಲ್ಲ.

ಇಳಿದ ನೀರು ಮನೆಗಳ ಒಳಗಿನ ಫ್ಲಶ್, ನಲ್ಲಿಗಳಿಂದ ಸೋರುತ್ತಿದೆಯೋ ಅಥವಾ ಎಲ್ಲರಿಗೂ ಸೇರಿದ ಪೈಪಿನಿಂದ ಸೋರುತ್ತಿದೆಯೋ ಅನ್ನುವುದನ್ನು ಬೇರೆ ಮಾಡಿಕೊಳ್ಳಬೇಕು. ಮುಂಚೆಯೇ ನೋಟಿಸ್ ಹಾಕಿ, ಇನ್ನೊಂದು ರಾತ್ರಿ ಒಂದೊಂದೇ ಶಾಫ್ಟ್‌ನಲ್ಲಿ (ಪೈಪ್‌ಗಳು ಮೇಲಿಂದ ಕೆಳಗಿಳಿಯುವ ಕಿರಿದಾದ ಜಾಗ) ಮನೆಗಳಿಗೆ ಹೋಗುವ ವಾಲ್ವ್‌ಗಳನ್ನೆಲ್ಲ ಒಂದು ಗಂಟೆ ಮುಚ್ಚಿ, ಟ್ಯಾಂಕ್‌ನಿಂದ ಬೇರೆ ಶಾಫ್ಟ್‌ಗಳಿಗೆ ಇಳಿಯುವ ವಾಲ್ವ್‌ಗಳನ್ನೂ ಮುಚ್ಚಿಡಿ. ಆಗಲೂ ಮಟ್ಟ ಇಳಿದರೆ ಅದು ಆ ಪೈಪಿನ ಸೋರಿಕೆ, ಎಲ್ಲರ ಸೋರಿಕೆ. ಸಂಪ್‌ಗೂ ಇದೇ ರೀತಿ. ತುಂಬಿಸಿ, ಒಳಗೆ ಬರುವುದನ್ನೂ ಹೊರಗೆ ಹೋಗುವುದನ್ನೂ ನಿಲ್ಲಿಸಿ, ರಾತ್ರಿ ಕಳೆದು ನೋಡಿ. ಹಳೇ ಸಂಪ್‌ಗಳ ಗೋಡೆ ಬಿರುಕು ಬಿಟ್ಟು ನೀರು ಮಣ್ಣಿಗೆ ಹೋಗುತ್ತಿರುತ್ತದೆ, ಯಾರ ಕಣ್ಣಿಗೂ ಬಿದ್ದಿರುವುದಿಲ್ಲ.

ಈ ರಿಪೇರಿಗಳನ್ನು ಮೊದಲು ಮುಗಿಸಿ. ಕಟ್ಟಡದ ಪೈಪ್ ಸೋರುತ್ತಿರುವಾಗ ಮನೆಯವರಿಗೆ ಲೀಟರ್ ಲೆಕ್ಕದಲ್ಲಿ ಬಿಲ್ ಕಳಿಸಿದರೆ ಅವರು ಕೇಳುವ ಮೊದಲ ಪ್ರಶ್ನೆಗೇ ನಿಮ್ಮಲ್ಲಿ ಉತ್ತರ ಇರುವುದಿಲ್ಲ.

ಒಂದು ಮನೆಗೆ ಎಷ್ಟು ಪೈಪ್ ಬರುತ್ತದೆ?

ಬೆಂಗಳೂರಿನ ಹಳೇ ಅಪಾರ್ಟ್‌ಮೆಂಟ್‌ಗಳಲ್ಲಿ ಮೀಟರ್ ಹಾಕುವುದು ದುಬಾರಿಯಾಗುವುದು ಇಲ್ಲೇ. ಕರೆಂಟ್ ಹಾಗೆ ನೀರು ಒಂದೇ ಕಡೆಯಿಂದ ಮನೆಗೆ ಬರುವುದಿಲ್ಲ. ಟ್ಯಾಂಕ್‌ನಿಂದ ಪ್ರತಿ ಶಾಫ್ಟ್‌ಗೂ ಬೇರೆ ಪೈಪ್ ಇಳಿಯುತ್ತದೆ. ಒಂದು ಶಾಫ್ಟ್‌ನಿಂದ ಒಂದು ಬಾತ್‌ರೂಮ್‌ಗೆ, ಇನ್ನೊಂದರಿಂದ ಇನ್ನೊಂದು ಬಾತ್‌ರೂಮ್‌ಗೆ, ಮತ್ತೊಂದರಿಂದ ಅಡುಗೆಮನೆಗೆ ಮತ್ತು ಬಟ್ಟೆ ಒಗೆಯುವ ಜಾಗಕ್ಕೆ. ಮೂರು ಬೆಡ್‌ರೂಮ್ ಮನೆಗೆ ಮೂರು ನಾಲ್ಕು ಕಡೆಯಿಂದ ನೀರು ಬರುವುದು ಸಾಮಾನ್ಯ. ಅಷ್ಟೂ ಕಡೆ ಮೀಟರ್ ಬೇಕು. ಒಂದನ್ನು ಬಿಟ್ಟರೂ ಲೆಕ್ಕ ಸುಳ್ಳಾಗುತ್ತದೆ.

ಬಿಲ್ಡರ್ ಕೊಟ್ಟ ನಕ್ಷೆ ನಂಬಿ ಕೂರಬೇಡಿ. ಪ್ಲಂಬರ್ ಅಣ್ಣನ ಜೊತೆ ನೀವೇ ಶಾಫ್ಟ್‌ಗೆ ಟಾರ್ಚ್ ಹಿಡಿದು ನೋಡಿ. ಒಂದು ವಾಲ್ವ್ ಮುಚ್ಚಿ, ಮನೆಯೊಳಗೆ ಯಾವ ನಲ್ಲಿ ನಿಂತಿತು ಅಂತ ಕೂಗಿ ಕೇಳಿ, ಚೀಟಿ ಬರೆದು ಪೈಪಿಗೆ ಕಟ್ಟಿ. ಈ ಕೆಲಸ ಬೇಸರದ್ದು, ಆದರೆ ಇಲ್ಲೇ ಎಷ್ಟೋ ಗುಟ್ಟು ಹೊರಬೀಳುತ್ತವೆ. ಮೇಲಿನ ಮನೆಯ ಬಾಲ್ಕನಿ ನಲ್ಲಿ ಕೆಳಗಿನ ಮನೆಯ ಪೈಪಿನಿಂದ ಹೋಗಿರುತ್ತದೆ. ರಿನೋವೇಶನ್ ಮಾಡಿಸಿದವರು ವಾಷಿಂಗ್ ಮೆಷಿನ್‌ಗೆ ಬೇರೆ ಲೈನ್ ಎಳೆಸಿಕೊಂಡಿರುತ್ತಾರೆ. ಇವೆಲ್ಲ ನಕ್ಷೆಯಲ್ಲಿ ಬರಲಿ.

ಫ್ಲಶ್‌ಗೆ ಎಸ್‌ಟಿಪಿಯ, ಅಂದರೆ ಕೊಳಚೆ ನೀರು ಶುದ್ಧೀಕರಿಸುವ ಘಟಕದ, ನೀರು ಬೇರೆ ಪೈಪಿನಲ್ಲಿ ಬರುವ ಕಟ್ಟಡವಾದರೆ ಆ ಪೈಪಿಗೆ ಮೀಟರ್ ಬೇಡ. ಆ ನೀರು ಜಾಸ್ತಿ ಬಳಕೆಯಾದಷ್ಟೂ ಒಳ್ಳೆಯದೇ. ಸೋಲಾರ್ ಬಿಸಿನೀರಿನದ್ದು ಬೇರೆ ಕತೆ. ತಾರಸಿಯ ಸೋಲಾರ್‌ನಿಂದ ಎಲ್ಲರಿಗೂ ಬಿಸಿನೀರು ಬರುತ್ತಿದ್ದರೆ ಅದಕ್ಕೂ ಮೀಟರ್ ಬೇಕು, ಮತ್ತು ಬಿಸಿನೀರಿಗೆಂದೇ ಮಾಡಿದ ಮೀಟರ್ ಬೇಕು. ತಣ್ಣೀರಿನ ಮೀಟರ್ ಅಲ್ಲಿ ಬೇಗ ಕೆಡುತ್ತದೆ. ಬಿಸಿನೀರು ತಣ್ಣಗಾಗದಿರಲಿ ಅಂತ ಪೈಪಿನಲ್ಲಿ ಸುತ್ತುತ್ತಲೇ ಇರುವ ವ್ಯವಸ್ಥೆ ಇದ್ದರೆ, ಸುತ್ತುವ ಪೈಪ್ ಬಿಟ್ಟು ಮನೆಗೆ ಕವಲೊಡೆಯುವ ಜಾಗದಲ್ಲೇ ಮೀಟರ್ ಕೂರಬೇಕು. ಇಲ್ಲದಿದ್ದರೆ ಬಳಸದ ನೀರೂ ಲೆಕ್ಕಕ್ಕೆ ಬರುತ್ತದೆ.

ಮೀಟರ್ ಆರಿಸುವಾಗ

ಮನೆಗೆ ಹಾಕುವುದು ಸಾಮಾನ್ಯವಾಗಿ 15 ಮಿಲಿಮೀಟರ್ ಅಥವಾ 20 ಮಿಲಿಮೀಟರ್ ಮೀಟರ್. ಮುಖ್ಯವಾಗಿ ಎರಡು ಬಗೆ. ಒಂದು ಚಕ್ರ ತಿರುಗುವ ಮೆಕ್ಯಾನಿಕಲ್ ಮೀಟರ್. ಇನ್ನೊಂದು ಶಬ್ದದ ಅಲೆಯಿಂದ ಹರಿವು ಅಳೆಯುವ ಅಲ್ಟ್ರಾಸಾನಿಕ್ ಮೀಟರ್, ಇದರೊಳಗೆ ತಿರುಗುವ ಭಾಗವೇ ಇಲ್ಲ. ಮೊದಲನೆಯದು ಕಡಿಮೆ ಬೆಲೆ, ಬ್ಯಾಟರಿ ಬೇಡ, ಕಣ್ಣಲ್ಲೇ ಓದಬಹುದು. ಎರಡನೆಯದು ದುಬಾರಿ, ಆದರೆ ಸಣ್ಣ ಹರಿವನ್ನೂ ಹಿಡಿಯುತ್ತದೆ, ರೀಡಿಂಗ್ ಫೋನಿಗೆ ಕಳಿಸುವ ವ್ಯವಸ್ಥೆಯ ಜೊತೆಗೇ ಸಿಗುತ್ತದೆ.

ನಮ್ಮೂರಿನ ಬೋರ್ ನೀರು ಗಡಸು. ಮೆಕ್ಯಾನಿಕಲ್ ಮೀಟರ್‌ನ ಜಾಲರಿಗೆ ಮರಳು, ಬಿಳಿ ಉಪ್ಪಿನ ಪದರ ಕಟ್ಟಿಕೊಳ್ಳುತ್ತದೆ. ಕಟ್ಟಿಕೊಂಡಷ್ಟೂ ಪ್ರೆಶರ್ ಇಳಿಯುತ್ತದೆ. ಕೆಳಗಿನ ಮಹಡಿಗಳಿಗೆ ಇದು ಗೊತ್ತೇ ಆಗುವುದಿಲ್ಲ. ಮೇಲಿನ ಮಹಡಿಯವರಿಗೆ ಟ್ಯಾಂಕ್ ತಲೆಯ ಮೇಲೇ ಇರುವುದರಿಂದ ಪ್ರೆಶರ್ ಮೊದಲೇ ಕಡಿಮೆ. ಮೀಟರ್ ಹಾಕಿದ ಮರುದಿನದಿಂದ ಶವರ್ ನೂಲಿನ ಹಾಗೆ ಬರತೊಡಗಿದರೆ ಆ ಮನೆಯವರು ಮೀಟರ್ ಕಿತ್ತೆಸೆಯಿರಿ ಅನ್ನುತ್ತಾರೆ, ಅನ್ನಬೇಕಾದ್ದೇ. ಹಾಗಾಗಿ ಮೇಲಿನ ಎರಡು ಮಹಡಿಗೆ ಅಲ್ಟ್ರಾಸಾನಿಕ್, ಉಳಿದ ಕಡೆ ಮೆಕ್ಯಾನಿಕಲ್ ಅನ್ನುವ ಬೆರಕೆ ವ್ಯವಸ್ಥೆಯಲ್ಲಿ ತಪ್ಪೇನೂ ಇಲ್ಲ. ಎರಡೂ ಅಳೆಯುವುದು ಅದೇ ಲೀಟರನ್ನೇ.

ಮೆಕ್ಯಾನಿಕಲ್ ಕೊಳ್ಳುವುದಾದರೆ ನೀರಿನ ಮೀಟರ್‌ಗಳ ಭಾರತೀಯ ಮಾನದಂಡವಾದ ಐಎಸ್ 779ರ ಐಎಸ್‌ಐ ಗುರುತು ನೋಡಿ. ಮೀಟರ್‌ನ ದರ್ಜೆಯನ್ನೂ ಕೇಳಿ. 15 ಮಿಲಿಮೀಟರ್‌ನ ಬಿ ದರ್ಜೆಯ ಮೀಟರ್ ಗಂಟೆಗೆ 30 ಲೀಟರ್‌ನಿಂದ ಮೇಲಿನ ಹರಿವನ್ನು ನಂಬುವ ಹಾಗೆ ಅಳೆಯುತ್ತದೆ. ತೀರಾ ಸಣ್ಣ ಹರಿವಿನಲ್ಲಿ ಶೇ 5ರವರೆಗೆ ವ್ಯತ್ಯಾಸಕ್ಕೆ ಅವಕಾಶವಿದೆ, ಮಾಮೂಲಿ ಹರಿವಿನಲ್ಲಿ ಶೇ 2. ಅಂದರೆ ತೊಟ್ಟಿಕ್ಕುವ ನಲ್ಲಿ, ಸಣ್ಣಗೆ ಸೋರುವ ಫ್ಲಶ್ ಬಿ ದರ್ಜೆಯ ಕಣ್ಣಿಗೆ ಬೀಳದೇ ಹೋಗಬಹುದು. ಇದನ್ನು ಮನೆಯವರಿಗೆ ಮೊದಲೇ ಹೇಳಿರಿ.

ದುಡ್ಡು ಕೊಡದ ಮನೆಗೆ ಫೋನಿನಿಂದಲೇ ನೀರು ನಿಲ್ಲಿಸುವ ವಾಲ್ವ್ ಇರುವ ಮೀಟರ್‌ಗಳೂ ಬರುತ್ತವೆ. ಸೋರಿಕೆಯಾದಾಗ ಮನೆಯವರೇ ಮುಚ್ಚಿಕೊಳ್ಳಲು ಆ ವಾಲ್ವ್ ಇರಲಿ. ಬಾಕಿ ವಸೂಲಿಗೆ ಅದನ್ನು ಬಳಸಲೇಬಾರದು. ಒಳಗೆ ಮಕ್ಕಳಿರುತ್ತಾರೆ, ವಯಸ್ಸಾದವರಿರುತ್ತಾರೆ. ಬಾಕಿ ವಸೂಲಿಗೆ ಬೇರೆ ದಾರಿಗಳಿವೆ. ನೀರು ನಿಲ್ಲಿಸುವುದಿಲ್ಲ ಅನ್ನುವುದನ್ನು ನಿಯಮದಲ್ಲೇ ಬರೆದುಬಿಡಿ.

ಸಭೆ, ಮತ್ತು ಅಲ್ಲಿ ಬರುವ ಎರಡು ಮಾತು

ಯಾವ ಅಪಾರ್ಟ್‌ಮೆಂಟ್‌ನ ಸಭೆಯಾದರೂ ಈ ಎರಡು ಮಾತು ಬಂದೇ ಬರುತ್ತವೆ. ಹಿರಿಯರೊಬ್ಬರು ಎದ್ದು ನಿಲ್ಲುತ್ತಾರೆ: “ನಾವಿಬ್ರೇ ಇರೋದು ಸಾರ್. ವರ್ಷದಲ್ಲಿ ನಾಲ್ಕು ತಿಂಗಳು ಮಗಳ ಮನೇಲಿರ್ತೀವಿ. ನಾವ್ಯಾಕೆ ಎಲ್ಲರಷ್ಟೇ ಕೊಡ್ಬೇಕು?” ಹಿಂದಿನ ಸಾಲಿನಿಂದ ಇನ್ನೊಬ್ಬರು: “ನಮ್ಮನೇಲಿ ಹಾಸಿಗೆ ಹಿಡಿದಿರೋ ಅತ್ತೆ ಇದ್ದಾರೆ ಅಂಕಲ್, ಚಿಕ್ಕ ಮಗು ಇದೆ. ದಿನಕ್ಕೆರಡು ಸಲ ಬಟ್ಟೆ ಒಗೀಬೇಕು. ಅದಕ್ಕೆ ನಮಗೆ ದಂಡನಾ?”

ಇಬ್ಬರ ಮಾತೂ ನಿಜ. ನಿಮ್ಮ ನಿಯಮ ಇಬ್ಬರಿಗೂ ಉತ್ತರ ಕೊಡುವಂತಿರಬೇಕು. ಸಭೆಗೆ ಹೋಗುವ ಮುಂಚೆ ಇಷ್ಟನ್ನು ಬರೆದಿಟ್ಟುಕೊಳ್ಳಿ.

ಮೀಟರ್ ಖರ್ಚು ಯಾರದ್ದು? ನನ್ನ ಪ್ರಕಾರ ಅಸೋಸಿಯೇಷನ್ನಿನ ನಿಧಿಯಿಂದ ಕೊಡುವುದೇ ಸರಿ. ನಾಲ್ಕು ಪೈಪ್ ಇರುವ ಮನೆಯವರೇ ನಾಲ್ಕು ಮೀಟರ್ ಕೊಳ್ಳಬೇಕು ಅಂದರೆ ಸ್ವಂತ ಇಚ್ಛೆಯಿಂದ ಯಾರೂ ಮುಂದೆ ಬರುವುದಿಲ್ಲ. ನಿಧಿ ಸಾಲದಿದ್ದರೆ ಮೊದಲು ಒಪ್ಪಿದವರಿಗೆ ಅರ್ಧ ಖರ್ಚು ಅಸೋಸಿಯೇಷನ್ನಿನದು ಅನ್ನಿ.

ವಾಪಸ್ ಬರುವ ದಾರಿ ಇದೆಯಾ? ಇರಬೇಕು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1999ರ ಕಾನೂನಿನ ಪ್ರಕಾರ ಮನೆಯವರು ಕೇಳಿದರೆ, ಹಾಕುವುದು ತೀರಾ ಕಷ್ಟವಿಲ್ಲದ ಕಡೆ, ನೀರಿನ ಕಂಪನಿ ತನ್ನ ಖರ್ಚಿನಲ್ಲೇ ಮೀಟರ್ ಹಾಕಿಕೊಡಬೇಕು. ಒಗ್ಗದಿದ್ದರೆ ಗೊತ್ತು ಮಾಡಿದ ಅವಧಿಯೊಳಗೆ ಹಳೇ ಪದ್ಧತಿಗೆ ಮರಳಬಹುದು. ಹೊರಗೆ ಬರುವ ಬಾಗಿಲು ತೆರೆದಿದೆ ಅಂತ ಗೊತ್ತಿದ್ದರೆ ಜನ ಒಳಗೆ ಬರಲು ಅಂಜುವುದಿಲ್ಲ. ನೀವೂ ಒಂದು ವರ್ಷದ ಅವಕಾಶ ಇಡಿ. ಮೀಟರ್ ಮಾತ್ರ ಅಲ್ಲೇ ಇರಲಿ, ರೀಡಿಂಗ್ ನಡೆಯಲಿ.

ಕಾನೂನಿನ ಒಂದು ಮಾತು. ಕರ್ನಾಟಕ ಅಪಾರ್ಟ್‌ಮೆಂಟ್ ಓನರ್‌ಶಿಪ್ ಕಾಯ್ದೆ 1972ರಲ್ಲಿ ಸಾಮಾನ್ಯ ಖರ್ಚನ್ನು, ಎಲ್ಲರಿಗೂ ಸೇರಿದ ಆಸ್ತಿಯಲ್ಲಿ ಪ್ರತಿಯೊಬ್ಬರಿಗೆ ಇರುವ ಅವಿಭಜಿತ ಪಾಲಿಗೆ ತಕ್ಕಂತೆ ಹಂಚುವ ನಿಯಮವಿದೆ. ನೀರನ್ನು ಅದರಿಂದ ಬೇರೆ ಮಾಡಿ ಬಳಕೆಯ ಲೆಕ್ಕಕ್ಕೆ ತರುವ ಮುಂಚೆ ನಿಮ್ಮ ಬೈಲಾ ಓದಿ, ವಕೀಲರಿಗೆ ತೋರಿಸಿ. ಮಹಾಸಭೆಯಲ್ಲಿ ಠರಾವು ಮಾಡಿ ಪುಸ್ತಕದಲ್ಲಿ ಬರೆಸಿ. ವಾಟ್ಸಾಪ್ ಪೋಲ್ ಠರಾವು ಅಲ್ಲ.

ಮೀಟರ್ ಇಲ್ಲದವರ ಲೆಕ್ಕ

ಈಗ ಮುಖ್ಯ ವಿಷಯಕ್ಕೆ ಬರೋಣ. ಒಪ್ಪಿದವರಿಗೆ ಮಾತ್ರ ಮೀಟರ್ ಅಂದರೆ ಮೊದಲು ಮುಂದೆ ಬರುವವರು ಕಡಿಮೆ ನೀರು ಬಳಸುವವರು. ಅದು ಸಹಜ. ಅವರ ಬಿಲ್ ಇಳಿಯುತ್ತದೆ. ಒಟ್ಟು ಖರ್ಚು ಅಷ್ಟೇ ಇರುವುದರಿಂದ ಉಳಿದವರ ಪಾಲು ಏರುತ್ತದೆ. ಹಾಗೆ ಏರುವುದರಲ್ಲಿ ತಪ್ಪಿಲ್ಲ, ಅವರು ಬಳಸಿದ್ದು ಅಷ್ಟಿದ್ದರೆ. ತಪ್ಪು ಎಲ್ಲಾಗುತ್ತದೆ ಅಂದರೆ, ಕಟ್ಟಡದ ಸೋರಿಕೆ, ಗಾರ್ಡನ್, ಮೆಟ್ಟಿಲು ಒರೆಸುವ ನೀರು ಎಲ್ಲವೂ ಸದ್ದಿಲ್ಲದೆ ಮೀಟರ್ ಇಲ್ಲದವರ ತಲೆಗೆ ಬಂದು ಬೀಳುವಲ್ಲಿ.

ಒಂದು ಉದಾಹರಣೆ, ಅಂಕಿಗಳು ಲೆಕ್ಕ ತೋರಿಸಲು ಮಾತ್ರ. 60 ಮನೆ, 40ಕ್ಕೆ ಮೀಟರ್ ಇದೆ. ತಿಂಗಳಲ್ಲಿ ಮೇಲಿನ ಟ್ಯಾಂಕ್‌ಗೆ ಹೋದದ್ದು 900 ಕಿಲೋ ಲೀಟರ್ (ಒಂದು ಕಿಲೋ ಲೀಟರ್ ಅಂದರೆ 1,000 ಲೀಟರ್). 40 ಮನೆಗಳ ಮೀಟರ್ ಕೂಡಿದರೆ 480, ಅಂದರೆ ಸರಾಸರಿ ಮನೆಗೆ 12. ಉಳಿದ 420ನ್ನು 20 ಮನೆಗೆ ಹಂಚಿದರೆ ತಲಾ 21 ಬರುತ್ತದೆ. ಇದನ್ನೇ ಬಿಲ್ ಮಾಡಿಬಿಡುವ ಆಸೆ ಕಮಿಟಿಗೆ ಬರುತ್ತದೆ. ಮಾಡಬೇಡಿ.

ಗಾರ್ಡನ್, ಕ್ಲಬ್‌ಹೌಸ್ ನಲ್ಲಿಗಳಿಗೆ ಬೇರೆ ಮೀಟರ್ ಇದ್ದು ಅದು 60 ತೋರಿಸಿತು ಅನ್ನಿ. ರಾತ್ರಿಯ ಪರೀಕ್ಷೆಯಲ್ಲಿ ಪೈಪಿನ ಸೋರಿಕೆ ತಿಂಗಳಿಗೆ 60 ಅಂತ ಸಿಕ್ಕಿತು ಅನ್ನಿ. ಈ 120 ಎಲ್ಲಾ 60 ಮನೆಗೂ ಸೇರಿದ್ದು, ಮನೆಗೆ 2. ಆಗ ಮೀಟರ್ ಇಲ್ಲದ 20 ಮನೆಗೆ ಉಳಿಯುವುದು 300, ತಲಾ 15. ಅದಕ್ಕೆ 2 ಸೇರಿಸಿದರೆ 17. ಮೀಟರ್ ಇರುವ ಸರಾಸರಿ ಮನೆಗೆ 12ಕ್ಕೆ 2 ಸೇರಿ 14. 21ಕ್ಕೂ 17ಕ್ಕೂ ಇರುವ ನಾಲ್ಕು ಕಿಲೋ ಲೀಟರ್ ಅಂತರವೇ ನ್ಯಾಯ ಅನ್ಯಾಯದ ಅಂತರ. ಇಷ್ಟು ಬಿಡಿಸಿ ಹೇಳಿದರೆ ಮೀಟರ್ ಬೇಡ ಅಂದವರೂ ಲೆಕ್ಕವನ್ನು ಒಪ್ಪುತ್ತಾರೆ. ಆಮೇಲೆ ತಾವಾಗೇ ಕೇಳುತ್ತಾರೆ, ನಮಗೂ ಹಾಕಿಸಿ ಅಂತ.

ಇನ್ನೂ ಒಂದಿದೆ. ಮೀಟರ್ ಇಲ್ಲದವರು ಕೊನೆಗೆ ಬೆರಳೆಣಿಕೆಯಷ್ಟೇ ಉಳಿದಾಗ ಈ ಕಳೆಯುವ ಲೆಕ್ಕ ನಂಬಿಕೆಗೆ ಸಾಲದು. 60ರಲ್ಲಿ 57 ಮನೆಗೆ ಮೀಟರ್ ಬಂದರೆ ಅವುಗಳ ಸಣ್ಣ ಸಣ್ಣ ತಪ್ಪುಗಳೆಲ್ಲ ಉಳಿದ ಮೂರು ಮನೆಗಳ ಮೇಲೆ ಬಂದು ಕೂರುತ್ತವೆ. ಮುಕ್ಕಾಲು ಪಾಲು ಮನೆಗಳು ಬಂದ ಮೇಲೆ ಉಳಿದವರಿಗೂ ಮೀಟರ್ ಹಾಕುವ ಠರಾವನ್ನು ಸಭೆಯ ಮುಂದೆ ಇಡುವುದು ಒಳ್ಳೆಯದು. ಇದನ್ನು ಮೊದಲ ದಿನವೇ ಹೇಳಿರಬೇಕು, ಮಧ್ಯೆ ಬದಲಿಸಿದ ಹಾಗೆ ಕಾಣಬಾರದು.

ಮೀಟರ್ ಕೂರಿಸುವ ದಿನ

ಟ್ಯಾಂಕ್‌ನಿಂದ ಒಂದು ಶಾಫ್ಟ್ ನೀರು ನಿಲ್ಲಿಸಿದರೆ ಆ ಸಾಲಿನ ಎಲ್ಲಾ ಮನೆಗೂ ನೀರಿಲ್ಲ. ಬೆಳಿಗ್ಗೆ ಹತ್ತರ ನಂತರ ಶುರು ಮಾಡಿ, ಹಬ್ಬದ ಹಿಂದಿನ ದಿನ ಬೇಡ.

ಜೋಡಿಸುವ ಕ್ರಮ ಹೀಗಿರಲಿ: ಮೊದಲು ಬಾಲ್ ವಾಲ್ವ್, ಆಮೇಲೆ ಜಾಲರಿ, ಆಮೇಲೆ ಮೀಟರ್, ಕೊನೆಗೆ ನೀರು ಹಿಂದಕ್ಕೆ ಬರದಂತೆ ತಡೆಯುವ ಎನ್‌ಆರ್‌ವಿ. ಮೀಟರ್‌ನ ಎರಡೂ ಕಡೆ ಯೂನಿಯನ್ (ಬಿಚ್ಚಿ ಜೋಡಿಸಬಹುದಾದ ಜಾಯಿಂಟ್) ಇರಬೇಕು, ನಾಳೆ ಬಿಚ್ಚುವಾಗ ಪೈಪ್ ಕತ್ತರಿಸುವ ಹಾಗಾಗಬಾರದು. ಮೀಟರ್ ಮೈಮೇಲಿನ ಬಾಣ ನೀರು ಹೋಗುವ ದಿಕ್ಕಿಗೇ ಇರಬೇಕು. ಮೆಕ್ಯಾನಿಕಲ್ ಮೀಟರ್ ಅಡ್ಡ ಪೈಪಿನಲ್ಲಿ, ಮುಖ ಮೇಲಕ್ಕೆ ಮಾಡಿ ಕೂರಬೇಕು. ನಿಂತ ಪೈಪಿನಲ್ಲೋ ಓರೆಯಾಗಿಯೋ ಕೂರಿಸಿದರೆ ಸಣ್ಣ ಹರಿವನ್ನು ಸರಿಯಾಗಿ ಹಿಡಿಯುವುದಿಲ್ಲ.

ಎನ್‌ಆರ್‌ವಿ ಯಾಕೆ ಅಂತ ಪ್ಲಂಬರ್ ಕೇಳಿಯೇ ಕೇಳುತ್ತಾರೆ. ಬಿಸಿನೀರು ತಣ್ಣೀರು ಎರಡೂ ಒಂದೇ ಮಿಕ್ಸರ್‌ನಲ್ಲಿ ಸೇರುವ ಕಡೆ, ಮಿಕ್ಸರ್ ತೆರೆದೇ ಇಟ್ಟು ಮುಂದಿನ ಹ್ಯಾಂಡ್ ಶವರ್ ಮಾತ್ರ ಮುಚ್ಚುವ ಅಭ್ಯಾಸ ಎಷ್ಟೋ ಮನೆಯಲ್ಲಿದೆ. ಆಗ ಪ್ರೆಶರ್ ಜಾಸ್ತಿ ಇರುವ ಪೈಪಿನ ನೀರು ಇನ್ನೊಂದು ಪೈಪಿಗೆ ನುಗ್ಗಿ ವಾಪಸ್ ಹೋಗುತ್ತದೆ. ಒಂದು ಮೀಟರ್ ಮುಂದಕ್ಕೆ ಓಡುತ್ತದೆ, ಇನ್ನೊಂದು ಹಿಂದಕ್ಕೆ. ಮನೆಯಲ್ಲಿ ಯಾರೂ ನೀರೇ ಬಿಟ್ಟಿರುವುದಿಲ್ಲ.

ಟ್ಯಾಂಕ್ ಪೂರ್ತಿ ಖಾಲಿಯಾಗಿ ಮತ್ತೆ ತುಂಬಿದಾಗ ಪೈಪಿನೊಳಗಿನ ಗಾಳಿಯೂ ಚಕ್ರವನ್ನು ತಿರುಗಿಸುತ್ತದೆ. ಬೇಸಿಗೆಯಲ್ಲಿ ನೀರು ನಿಂತು ನಿಂತು ಬರುವಾಗ ಇದು ಜಾಸ್ತಿ. ಇಳಿಯುವ ಪೈಪಿನ ತುದಿಯಲ್ಲಿ, ಟ್ಯಾಂಕ್ ಪಕ್ಕ, ಗಾಳಿ ಹೊರಹೋಗುವ ಪೈಪ್ ಇದೆಯಾ ನೋಡಿ. ಟ್ಯಾಂಕ್ ತಳಮಟ್ಟಕ್ಕೆ ಹೋಗದಂತೆ ಮೋಟಾರ್‌ನ ಆಟೋಮ್ಯಾಟಿಕ್ ಸ್ವಿಚ್ ಹೊಂದಿಸಿಡಿ.

ಕೂರಿಸಿದ ತಕ್ಷಣ ಮನೆಯವರ ಎದುರಿಗೇ ಪರೀಕ್ಷೆ ಮಾಡಿ. 20 ಲೀಟರ್‌ನ ನೀರಿನ ಕ್ಯಾನ್ ತುಂಬಿಸಿ, ಮೀಟರ್ 20 ಲೀಟರ್ ಓಡಿತಾ ನೋಡಿ. ಆರಂಭದ ರೀಡಿಂಗ್‌ನ ಫೋಟೋ ತೆಗೆದು, ಇಬ್ಬರೂ ಸಹಿ ಮಾಡಿ, ಸೀಲ್ ಹಾಕಿ.

ಮೂರು ತಿಂಗಳು ಓದಿ, ಬಿಲ್ ಬೇಡ

ಮೊದಲ ಮೂರು ತಿಂಗಳು ಹಳೇ ಲೆಕ್ಕದಲ್ಲೇ ದುಡ್ಡು ತೆಗೆದುಕೊಳ್ಳಿ. ಜೊತೆಗೆ ಪ್ರತಿ ಮನೆಗೆ ಒಂದು ಚೀಟಿ ಕೊಡಿ: ನೀವು ಬಳಸಿದ್ದು ಇಷ್ಟು, ಮೀಟರ್ ಲೆಕ್ಕವಾಗಿದ್ದರೆ ಬಿಲ್ ಇಷ್ಟಾಗುತ್ತಿತ್ತು. ಈ ಅವಧಿಯಲ್ಲೇ ತಪ್ಪು ಜೋಡಣೆ, ಅದಲು ಬದಲಾದ ಮೀಟರ್, ಸೋರುವ ಫ್ಲಶ್ ಎಲ್ಲಾ ಬಯಲಿಗೆ ಬರುತ್ತವೆ. ದುಡ್ಡಿನ ಬಿಸಿ ಇಲ್ಲದಿರುವುದರಿಂದ ಜನ ಸಮಾಧಾನವಾಗಿ ಕೇಳುತ್ತಾರೆ.

ಓದುವುದನ್ನು ಮನೆಯವರಿಗೆ ಕಲಿಸಿಕೊಡಿ. ಕಪ್ಪು ಅಂಕಿಗಳು ಘನ ಮೀಟರ್, ಒಂದು ಘನ ಮೀಟರ್ ಅಂದರೆ 1,000 ಲೀಟರ್. ಕೆಂಪು ಅಂಕಿಗಳೂ ಕೆಂಪು ಮುಳ್ಳುಗಳೂ ಅದಕ್ಕಿಂತ ಸಣ್ಣ ಲೆಕ್ಕ. ಡಯಲ್ ಮೇಲೆ ನಕ್ಷತ್ರದಂಥ ಒಂದು ಪುಟ್ಟ ಚಕ್ರ ಇರುತ್ತದೆ. ಮನೆಯ ಎಲ್ಲಾ ನಲ್ಲಿ ಮುಚ್ಚಿ, ವಾಷಿಂಗ್ ಮೆಷಿನ್, ಆರ್‌ಒ ಆಫ್ ಮಾಡಿ, ಆ ಚಕ್ರವನ್ನು ಎರಡು ನಿಮಿಷ ದಿಟ್ಟಿಸಿ ನೋಡಿ. ಸ್ವಲ್ಪ ಅಲುಗಿ ನಿಂತು ಮತ್ತೆ ಅಲುಗುತ್ತಿದ್ದರೆ ಎಲ್ಲೋ ನೀರು ಹೋಗುತ್ತಿದೆ. ಮೊದಲ ಅನುಮಾನ ಕಮೋಡ್ ಮೇಲೆ. ಸಿಸ್ಟರ್ನ್ ಮುಚ್ಚಳ ತೆಗೆದು ಅಡುಗೆ ಬಣ್ಣ ಒಂದು ಚಿಟಿಕೆ ಹಾಕಿ, ಇಪ್ಪತ್ತು ನಿಮಿಷ ಯಾರೂ ಫ್ಲಶ್ ಮಾಡದಂತೆ ಬಾಗಿಲು ಹಾಕಿಡಿ. ಕೆಳಗಿನ ಬೋಗುಣಿಯಲ್ಲಿ ಬಣ್ಣ ಕಂಡರೆ ಒಳಗಿನ ರಬ್ಬರ್ ವಾಷರ್ ಹೋಗಿದೆ. ವಾಷರ್‌ನ ಬೆಲೆ ಏನೂ ಅಲ್ಲ.

ಒಂದು ಎಚ್ಚರಿಕೆ. ಎಲ್ಲಾ ಮನೆಗಳ ರೀಡಿಂಗ್ ಪಟ್ಟಿ ಮಾಡಿ ಗ್ರೂಪಿನಲ್ಲಿ ಹಾಕಬೇಡಿ. ಯಾರ ಮನೆ ಖಾಲಿ ಇದೆ, ಯಾರ ಮನೆಗೆ ನೆಂಟರು ಬಂದಿದ್ದಾರೆ ಅನ್ನುವುದೆಲ್ಲ ಅದರಲ್ಲಿ ಕಾಣುತ್ತದೆ. ಅವರವರ ಅಂಕಿ ಅವರವರಿಗೆ, ಸರಾಸರಿ ಮಾತ್ರ ಎಲ್ಲರಿಗೂ.

ದರ ಹೇಗೆ?

ಕಾವೇರಿ ಬಿಲ್, ಟ್ಯಾಂಕರ್, ಬೋರ್ ಮತ್ತು ಮೋಟಾರ್ ಕರೆಂಟ್, ಗಡಸು ನೀರನ್ನು ಮೆದು ಮಾಡುವ ಸಾಫ್ಟನರ್‌ನ ಉಪ್ಪು, ಎಲ್ಲಾ ಕೂಡಿಸಿ ಒಟ್ಟು ಕಿಲೋ ಲೀಟರ್‌ನಿಂದ ಭಾಗಿಸಿ. ಮೇಲಿನ ಉದಾಹರಣೆಯಲ್ಲಿ ಖರ್ಚು ₹63,000 ಅಂತ ಇಟ್ಟುಕೊಂಡರೆ ಕಿಲೋ ಲೀಟರ್‌ಗೆ ₹70. ಮೀಟರ್ ಇರುವ ಸರಾಸರಿ ಮನೆಗೆ ₹980, ಇಲ್ಲದ ಮನೆಗೆ ₹1,190. ಸಮನಾಗಿ ಹಂಚಿದ್ದರೆ ಎಲ್ಲರಿಗೂ ₹1,050 ಆಗುತ್ತಿತ್ತು. ನೋಡಿ, ಒಂದು ಮನೆಗೆ ಉಳಿಯುವ ದುಡ್ಡು ಏನೂ ದೊಡ್ಡದಲ್ಲ. ದೊಡ್ಡ ಉಳಿತಾಯ ಆಗುವುದು ಟ್ಯಾಂಕರ್‌ನಲ್ಲಿ. ಬಳಕೆ ಇಳಿದಾಗ ನೀವು ಮೊದಲು ನಿಲ್ಲಿಸುವುದು ಎಲ್ಲಕ್ಕಿಂತ ದುಬಾರಿ ನೀರನ್ನೇ ಅಲ್ವಾ? 2024ರ ಮಿತಿಯ ದರವನ್ನೇ ಹಿಡಿದರೂ ₹1,200ಕ್ಕೆ 12,000 ಲೀಟರ್ ಅಂದರೆ ಕಿಲೋ ಲೀಟರ್‌ಗೆ ₹100. ತಿಂಗಳಿಗೆ 120 ಕಿಲೋ ಲೀಟರ್ ಕಡಿಮೆಯಾದರೆ ಹತ್ತು ಲೋಡ್ ಕಡಿಮೆ, ₹12,000.

ಜಾಸ್ತಿ ಬಳಸಿದವರಿಗೆ ಜಾಸ್ತಿ ದರ ಅನ್ನುವ ಸ್ಲ್ಯಾಬ್ ಬೇಕಾ? ಮೊದಲ ವರ್ಷ ಬೇಡ ಅನ್ನುವುದು ನನ್ನ ಅಭಿಪ್ರಾಯ. ಅತ್ತೆ, ಮಗು ಇರುವ ಆ ಮನೆಗೆ ಅದು ನಿಜಕ್ಕೂ ದಂಡವಾಗುತ್ತದೆ. ಮುಂದೆ ತರುವುದಾದರೂ ಮನೆ ಲೆಕ್ಕ ಬಿಟ್ಟು ತಲೆ ಲೆಕ್ಕದಲ್ಲಿ ತನ್ನಿ. ನಗರಗಳಿಗೆ ದಿನಕ್ಕೆ ತಲಾ 135 ಲೀಟರ್ ಅನ್ನುವುದು ಕೇಂದ್ರ ಸರ್ಕಾರದ ಕೈಪಿಡಿಯ ಮಾನದಂಡ. ತಿಂಗಳಿಗೆ ಒಬ್ಬರಿಗೆ ಸುಮಾರು 4 ಕಿಲೋ ಲೀಟರ್. ಆರು ಜನರ ಮನೆಗೆ 24ರವರೆಗೆ ಒಂದೇ ದರ, ಅದರಾಚೆ ಮಾತ್ರ ಜಾಸ್ತಿ. ಮನೆಗೆಲಸಕ್ಕೆ ಬರುವವರನ್ನು, ರೋಗಿಗಳ ಆರೈಕೆಗೆ ಇರುವವರನ್ನೂ ತಲೆಗೆ ಸೇರಿಸಿ.

ಬಳಕೆ ಇಳಿಸಲು ಸಲಹೆ ಕೇಳಿದರೆ ಚಿಕ್ಕದಾಗಿ ಹೇಳಿ: ನಲ್ಲಿಗಳಿಗೆ ನೀರಿನ ಜೊತೆ ಗಾಳಿ ಬೆರೆಸುವ ಏರೇಟರ್, ಹಳೇ ಸಿಸ್ಟರ್ನ್‌ಗೆ ಎರಡು ಗುಂಡಿಯ ಫ್ಲಶ್, ಆರ್‌ಒ ಹೊರಬಿಡುವ ನೀರು ನೆಲ ಒರೆಸಲು. ಉಪದೇಶ ಬೇಡ, ಬಿಲ್ ತಾನೇ ಹೇಳುತ್ತದೆ.

ಬಾಡಿಗೆ ಮನೆಗಳ ಕಟ್ಟಡವಾದರೆ

30-40 ಸೈಟಿನಲ್ಲಿ ನಾಲ್ಕೈದು ಬಾಡಿಗೆ ಮನೆ ಕಟ್ಟಿ, ಒಂದೇ ಕಾವೇರಿ ಸಂಪರ್ಕದಿಂದ ಎಲ್ಲರಿಗೂ ನೀರು ಕೊಟ್ಟು, ತಿಂಗಳಿಗೆ ಇಷ್ಟು ಅಂತ ನೀರಿನ ದುಡ್ಡು ತೆಗೆದುಕೊಳ್ಳುವುದು ಈ ಊರಿನಲ್ಲಿ ಎಲ್ಲಾ ಕಡೆ ಇದೆ. ಇಲ್ಲಿ ಮೀಟರ್ ಹಾಕುವುದು ತುಂಬಾ ಸುಲಭ. ತಾರಸಿಯ ಟ್ಯಾಂಕ್‌ನಿಂದ ಪ್ರತಿ ಮನೆಗೂ ಬೇರೆ ಪೈಪ್ ಇಳಿದಿದ್ದರೆ ತಾರಸಿಯಲ್ಲೇ ಒಂದೊಂದು ಮೀಟರ್ ಕೂರಿಸಿದರೆ ಮುಗಿಯಿತು. ಬಿಸಿಲಿಗೆ ಡಯಲ್ ಮಸುಕಾಗದಂತೆ ಒಂದು ಮುಚ್ಚಳ ಮಾಡಿಸಿ. ಜಲಮಂಡಳಿಯ ಬಿಲ್‌ನ ನಕಲನ್ನು ಬಾಡಿಗೆಯವರಿಗೂ ತೋರಿಸಿ, ಅದೇ ದರದಲ್ಲಿ ಹಂಚಿ. ನೀರಿನ ಮೇಲೆ ಲಾಭ ಇಟ್ಟುಕೊಳ್ಳಬೇಡಿ. ಬಾಡಿಗೆ ಕರಾರಿನಲ್ಲಿ ಆರಂಭದ ರೀಡಿಂಗ್ ಬರೆಯಿರಿ, ಮನೆ ಬಿಡುವ ದಿನ ಕೊನೆಯ ರೀಡಿಂಗ್ ಇಬ್ಬರೂ ಸೇರಿ ನೋಡಿ. ಅಪಾರ್ಟ್‌ಮೆಂಟ್‌ನಲ್ಲಿ ಬಾಡಿಗೆಗೆ ಇರುವವರಿಗೂ ಇದೇ ನಿಯಮ. ಇಲ್ಲದಿದ್ದರೆ ಹಳಬರ ಬಾಕಿ ಹೊಸಬರ ಮೇಲೆ ಬರುತ್ತದೆ.

ಆಮೇಲಿನ ಕೆಲಸ

ಆರು ತಿಂಗಳಿಗೊಮ್ಮೆ ಜಾಲರಿ ಬಿಚ್ಚಿ ತೊಳೆಸಿ, ಟ್ಯಾಂಕ್ ತೊಳೆಸಿದ ಮರುದಿನವಂತೂ ತಪ್ಪದೆ. ತಳದಲ್ಲಿದ್ದ ಮಣ್ಣೆಲ್ಲ ಅಂದು ಪೈಪಿಗೆ ಇಳಿದಿರುತ್ತದೆ. ಬ್ಯಾಟರಿ ಮೀಟರ್ ಆದರೆ ಬ್ಯಾಟರಿ ಎಷ್ಟು ವರ್ಷ ಬರುತ್ತದೆ, ಬದಲಿಸುವ ಖರ್ಚು ಯಾರದ್ದು, ಕಂಪನಿ ಮುಚ್ಚಿದರೆ ರೀಡಿಂಗ್ ಓದುವುದು ಹೇಗೆ ಅನ್ನುವ ಮೂರನ್ನೂ ಕರಾರಿನಲ್ಲಿ ಬರೆಸಿಕೊಳ್ಳಿ. ತಿಂಗಳ ಫೀಸ್ ಇಲ್ಲದೆ ಕಣ್ಣಲ್ಲಿ ಓದಲು ಡಯಲ್ ಅಥವಾ ಪರದೆ ಇರುವ ಮೀಟರ್ ಅನ್ನೇ ಆರಿಸಿ.

ಯಾರಾದರೂ ಬಿಲ್ ಜಾಸ್ತಿ ಬಂತು ಅಂದರೆ ವಾದ ಬೇಡ. 20 ಲೀಟರ್ ಕ್ಯಾನ್ ತೆಗೆದುಕೊಂಡು ಅವರ ಮನೆಗೆ ಹೋಗಿ. ಕ್ಯಾನಿಗೂ ಮೀಟರ್‌ಗೂ ಶೇ 5ಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ಮೀಟರ್ ಬದಲಿಸಿ, ಆ ತಿಂಗಳಿಗೆ ಹಿಂದಿನ ಮೂರು ತಿಂಗಳ ಸರಾಸರಿ ಹಾಕಿ. ವ್ಯತ್ಯಾಸ ಇಲ್ಲದಿದ್ದರೆ ಅಡುಗೆ ಬಣ್ಣದ ಡಬ್ಬಿ ಕೈಗೆ ತೆಗೆದುಕೊಂಡು ಬಾತ್‌ರೂಮ್‌ಗಳ ಕಡೆ ನಡೆಯಿರಿ.